ಗಿಬೊಂಗನ ಪಾಸ್‌ಪೋರ್ಟ್ ಫೋಟೊ

ತಾಕ್ ಗಿಬೊಂಗನ ಪಾಸ್‌ಪೋರ್ಟ್ ಫೋಟೊ ಚೆನ್ನಾಗಿದೆ ಎಂದು ಅವನ ಹೆತ್ತ ತಾಯಿಯೂ ಹೇಳಿರಲಿಲ್ಲ. ಸಿಯೋಲಿನ ಮಾಂಗ್‌ವೊನ್ ಮಾರುಕಟ್ಟೆಯ ಸ್ಟುಡಿಯೋದವನು, "ಕಿವಿ ಎರಡೂ ಕಾಣ್ಬೇಕು, ಹುಬ್ಬು ಕಾಣ್ಬೇಕು, ನಗಬಾರ್ದು, ಉಸಿರು ಬಿಡ್ಬೇಡಿ" ಎಂದು ಒಂದೊಂದೇ ಅಪ್ಪಣೆ ಕೊಡುತ್ತ ಹೋಗಿ, ಆಮೇಲೆ ಕಂಪ್ಯೂಟರಿನಲ್ಲಿ ಮಚ್ಚೆ ಅಳಿಸಿ, ಗಲ್ಲ ತಿದ್ದಿ, ಮುಖವನ್ನು ಸಿಪ್ಪೆ ಸುಲಿದ ಮೊಟ್ಟೆಯಂತೆ ನುಣ್ಣಗೆ ಮಾಡಿಟ್ಟಿದ್ದ. ಆ ಮೊಟ್ಟೆಯ ಮೇಲೆ ಎರಡು ಕಣ್ಣುಗಳು, 'ನಾನಲ್ಲ, ನಾನಲ್ಲ' ಎನ್ನುವಂತೆ ನೋಡುತ್ತಿದ್ದವು.

ಫೋಟೊ ಬೇಕಾಗಿದ್ದದ್ದು ಜಪಾನಿನ ವೀಸಾಕ್ಕೆ. ಗಿಬೊಂಗ್ 'ಮೂನ್‌ಬಟನ್' ಎಂಬ ನಾಲ್ಕು ಹುಡುಗಿಯರ ಹಾಡುತಂಡದ ಮ್ಯಾನೇಜರು. ಮ್ಯಾನೇಜರು ಎಂದರೆ ವ್ಯಾನು ಓಡಿಸುವವನು, ಕೊಡೆ ಹಿಡಿಯುವವನು, ಹುಡುಗಿಯರು ಡಯಟ್ ಮುರಿದು ನೂಡಲ್ಸ್ ತಿಂದಾಗ ಖಾಲಿ ಬಟ್ಟಲು ತನ್ನದೇ ಎಂದು ಒಪ್ಪಿಕೊಳ್ಳುವವನು. ಸಿಯೋಲಿನಲ್ಲಿ ನಾಲ್ಕು ವರ್ಷ ಹಾಡಿದರೂ ಯಾರೂ ಮೂಸಿ ನೋಡದ ಈ ತಂಡ ಈಗ ಜಪಾನಿ ಭಾಷೆಯಲ್ಲೇ ಒಂದು ಆಲ್ಬಮ್ ಹಾಡಿತ್ತು. ಬುಧವಾರ ಟೋಕಿಯೋದಲ್ಲಿ ಬಿಡುಗಡೆ.

ಆಲ್ಬಮ್ ಬಿಡುಗಡೆಗಿಂತ ಗಿಬೊಂಗನಿಗೆ ಮುಖ್ಯವಾದದ್ದು ಹಿಂದಿನ ದಿನದ, ಮಂಗಳವಾರದ, ಸಂಜೆ ಆರು ಗಂಟೆ. ಮೂರು ವರ್ಷದಿಂದ ತಾತ್ಕಾಲಿಕವಾಗಿಯೇ ಉಳಿದಿದ್ದ ಅವನ ಕೆಲಸವನ್ನು ಅಂದು ಖಾಯಂ ಮಾಡುವುದಾಗಿ ಯಜಮಾನರಾದ ಯೋಮ್ ಸಾಹೇಬರು ಮಾತು ಕೊಟ್ಟಿದ್ದರು. ಖಾಯಂ ಆದರೆ ಮದುವೆ, ಇಲ್ಲದಿದ್ದರೆ ಇಲ್ಲ. ಕಂಪನಿ ಇದ್ದ ಕಟ್ಟಡದ ನೆಲಮಹಡಿಯಲ್ಲಿ ಪಲ್ಯ, ಕಿಮ್ಚಿ ಎಂಬ ತರಕಾರಿಯ ಉಪ್ಪಿನಕಾಯಿ, ಉಪ್ಪಿನಮೀನು ಮಾರುವ ಅಂಗಡಿಯೊಂದಿತ್ತು. ಅದರ ಒಡತಿಯ ಮಗಳು ಹೇರಿಮ್, ಶಿಶುವಿಹಾರದ ಟೀಚರು, ಗಿಬೊಂಗನನ್ನು ಮೆಚ್ಚಿದ್ದಳು. ಆದರೆ ಕೇರಿಯೆಲ್ಲ 'ಹೇರಿಮ್ ಅಮ್ಮ' ಎಂದೇ ಕರೆಯುತ್ತಿದ್ದ ಆ ಒಡತಿ ಮಾತ್ರ, "ಖಾಯಂ ಕಾಗದ ತೋರಿಸು, ಹುಡುಗೀನ ಕರ್ಕೊಂಡು ಹೋಗು" ಎಂದು ಒಂದೇ ಪಟ್ಟು ಹಿಡಿದಿದ್ದಳು.

ಹೀಗಿರುವಾಗ ಮಂಗಳವಾರ ಬೆಳಿಗ್ಗೆ, ಕಸ್ಟಮ್ಸ್‌ನಲ್ಲಿ ಎರಡು ವಾರ ಕೊಳೆತ ಮಾದರಿ ಸಿಡಿಗಳ ಪೆಟ್ಟಿಗೆ ಟೋಕಿಯೋದಿಂದ ಬಂತು. ಪ್ರತಿ ಸಿಡಿಯ ಜೊತೆ ಒಬ್ಬ ಹುಡುಗಿಯ ಫೋಟೊ ಕಾರ್ಡು ಇರುತ್ತದೆ. ಯಾರ ಕಾರ್ಡು ಎಂಬುದು ಬಿಚ್ಚಿದ ಮೇಲೆಯೇ ಗೊತ್ತಾಗುವುದು. ತಮ್ಮ ಹುಡುಗಿಯೇ ಸಿಗಲಿ ಎಂದು ಅಭಿಮಾನಿಗಳು ಹತ್ತು ಹತ್ತು ಸಿಡಿ ಕೊಳ್ಳುತ್ತಾರೆ. ಇಡೀ ವ್ಯಾಪಾರ ನಿಂತಿರುವುದೇ ಈ ಕಾರ್ಡಿನ ಮೇಲೆ, ಹಾಡು ಅದಕ್ಕೆ ಸುತ್ತಿದ ಕಾಗದವಿದ್ದ ಹಾಗೆ.

ಗಿಬೊಂಗ್ ಒಂದನ್ನು ಬಿಚ್ಚಿದ. ಒಳಗಿನಿಂದ ಅವನೇ ಅವನನ್ನು ನೋಡುತ್ತಿದ್ದ.

ಇನ್ನೊಂದು ಬಿಚ್ಚಿದ. ತಂಡದ ನಾಯಕಿ ಸೆಬೊಮ್ ಕಣ್ಣು ಹೊಡೆಯುತ್ತಿದ್ದಳು. ಉಸಿರು ಬಂತು. ಮೂರನೆಯದರಲ್ಲಿ ಮತ್ತೆ ಗಿಬೊಂಗ್. ಮುಖದ ಕೆಳಗೆ ಗುಲಾಬಿ ಅಕ್ಷರದಲ್ಲಿ, 'ನಿನಗಾಗಿಯೇ ಕಾದಿದ್ದೆ' ಎಂದು ಜಪಾನಿಯಲ್ಲಿ ಅಚ್ಚಾಗಿತ್ತು.

ತಪ್ಪು ಎಲ್ಲಿ ಆಯಿತೆಂದು ಹುಡುಕಲು ಬಹಳ ಹೊತ್ತು ಬೇಕಾಗಲಿಲ್ಲ. ಅವನ ಕಂಪ್ಯೂಟರಿನಲ್ಲಿ 'ಜಪಾನ್ ಕೊನೆಯದು', 'ಜಪಾನ್ ನಿಜವಾಗಿ ಕೊನೆಯದು', 'ಜಪಾನ್ ಆಣೆಗೂ ಕೊನೆಯದು' ಎಂಬ ಮೂರು ಫೋಲ್ಡರುಗಳಿದ್ದವು. ಹುಡುಗಿಯರ ಕಾರ್ಡಿನ ಫೋಟೊಗಳು ಮೂರನೆಯದರಲ್ಲಿದ್ದವು. ವೀಸಾ ಫೋಟೊವೂ ಕೊನೆಯದೇ ಅಲ್ಲವೇ ಎಂದು ಅದನ್ನೂ ಅಲ್ಲಿಗೇ ತುರುಕಿ, ಇಡೀ ಫೋಲ್ಡರನ್ನೇ ಟೋಕಿಯೋದ ಅಚ್ಚಿನ ಮನೆಗೆ ಕಳಿಸಿಬಿಟ್ಟಿದ್ದ. ಅಚ್ಚಿನ ಮನೆಯವರು ಸುಮ್ಮನಿರಲಿಲ್ಲ, ಪಾಪ. ಪತ್ರ ಬರೆದಿದ್ದರು. ಮೊದಲ ಪುಟದಲ್ಲಿ ಹವಾಮಾನ ವಿಚಾರಿಸಿ, ಎರಡನೆಯದರಲ್ಲಿ ತೊಂದರೆ ಕೊಟ್ಟದ್ದಕ್ಕೆ ಕ್ಷಮೆ ಕೇಳಿ, ಮೂರನೆಯ ಪುಟದ ಕೊನೆಗೆ, 'ಮುಖಗಳು ಐದು ಇರುವುದು ತಮ್ಮ ಇಚ್ಛೆಯಂತೆಯೇ ತಾನೇ?' ಎಂದು ಕೇಳಿದ್ದರು. ಮೊದಲ ಪುಟವನ್ನಷ್ಟೇ ಓದಿದ ಗಿಬೊಂಗ್, 'ಹೌದು, ಹಾಗೆಯೇ ನಡೆಸಿಕೊಡಿ' ಎಂದು ಉತ್ತರಿಸಿದ್ದ.

ಟೋಕಿಯೋದ ವಿತರಕರಾದ ಕುರೊಸೆಯವರಿಗೆ ಫೋನು ಹಚ್ಚಿದ.

"ಸಾರ್, ನಾಳೆಯ ಬಿಡುಗಡೆ ನಿಲ್ಲಿಸ್ಬೇಕು. ಕಾರ್ಡಲ್ಲಿ ಒಂದು ಸಣ್ಣ... ಒಂದು ಮುಖದಷ್ಟು ತಪ್ಪಾಗಿದೆ."

ಕುರೊಸೆಯವರು ನಾಲ್ಕು ನಿಮಿಷ ಕ್ಷಮೆ ಕೇಳಿದರು. ಆಮೇಲೆ, "ನಮ್ಮಲ್ಲಿ ಬುಧವಾರದ ಸಿಡಿಯನ್ನ ಅಂಗಡಿಯವರು ಮಂಗಳವಾರಾನೇ ಮಾರೋದು ವಾಡಿಕೆ. ಇಪ್ಪತ್ತು ಸಾವಿರಾನೂ ಬೆಳಿಗ್ಗೆಯೇ ಅಂಗಡಿಗೆ ಹೋಗಿವೆ" ಎಂದು ಹೇಳಿ, ಮತ್ತೆ ಕ್ಷಮೆ ಕೇಳತೊಡಗಿದರು.

ಐದು ಮುಖ, ಇಪ್ಪತ್ತು ಸಾವಿರ ಸಿಡಿ. ಹಾಗಾದರೆ ನಾಲ್ಕು ಸಾವಿರ ಗಿಬೊಂಗರು ಈ ಹೊತ್ತಿಗಾಗಲೇ ಜಪಾನಿನ ಬೀದಿಗಿಳಿದಿದ್ದರು. ಅವರನ್ನು ಹಿಡಿಯುವುದು ಸಾಧ್ಯವಿರಲಿಲ್ಲ. ಕಡೇಪಕ್ಷ ಈ ಪೆಟ್ಟಿಗೆಯಲ್ಲಿರುವವರನ್ನಾದರೂ ಯೋಮ್ ಸಾಹೇಬರ ಕಣ್ಣಿಗೆ ಬೀಳದಂತೆ ಮಾಡಿದರೆ ಸಂಜೆ ಆರು ದಾಟಬಹುದು ಎಂದು ಅವನು ಲೆಕ್ಕ ಹಾಕಿದ. ಅಷ್ಟರಲ್ಲಿ ಬಿಚ್ಚಿದ ಸಿಡಿಗಳಿಂದ ಸಿಕ್ಕ ಹನ್ನೊಂದು ಗಿಬೊಂಗರನ್ನು ಅಂಗಿಯೊಳಗೆ ಸೇರಿಸಿಕೊಂಡು, ಇನ್ನೂ ಬಿಚ್ಚದ ಸಿಡಿಗಳಿದ್ದ ಪೆಟ್ಟಿಗೆಯನ್ನು ಮೇಜಿನಡಿಗೆ ತಳ್ಳಿ ಮೆಟ್ಟಿಲಿಳಿದ. ಹೇರಿಮ್ ಅಮ್ಮನ ಅಂಗಡಿಯ ಹಿಂದೆ ಕಿಮ್ಚಿಯ ಖಾಲಿ ಡಬ್ಬಗಳಿರುತ್ತವೆ. ಅಲ್ಲಿಗೆ ಯಾರೂ ಕೈ ಹಾಕುವುದಿಲ್ಲ.

ಹೇರಿಮ್ ಅಮ್ಮನ ಕೈ ಮಾತ್ರ ಅಲ್ಲೇ ಇತ್ತು.

"ಏನಪ್ಪಾ ಅದು, ನನ್ನ ಡಬ್ಬಕ್ಕೆ ತುರುಕ್ತಿರೋದು?"

"ಏನೂ ಇಲ್ಲ ಅತ್ತೆ."

"ಇನ್ನೂ ಅತ್ತೆ ಆಗಿಲ್ಲ. ಕೊಡಿಲ್ಲಿ!" ಕಿತ್ತುಕೊಂಡು ನೋಡಿದವಳೇ ಕೈಯಲ್ಲಿದ್ದ ಮೂಲಂಗಿಯನ್ನು ಕೆಳಗಿಟ್ಟಳು. "ಅಯ್ಯೋ ನಿನ್ನ! ಕೆಲಸ ಖಾಯಂ ಆಗೋ ಮುಂಚೆನೇ ಮುಖ ಅಚ್ಚು ಹಾಕಿಸ್ಕೊಂಡು ಓಡಾಡ್ತಿದೀಯಾ? ಅದೂ ಹನ್ನೊಂದು! ಯಾರಿಗೆ ಹಂಚೋಕೆ? ಯಾವ ಹುಡುಗೀರು?"

"ಅತ್ತೆ, ಅದು ಅಚ್ಚಿನ ಮನೆಯವರು..."

"ಸಂಜೆ ಹೇರಿಮ್ ಬರ್ಲಿ. ತನ್ನ ಗಂಡಾಗೋನ ಶೋಕಿ ಅವಳೇ ನೋಡ್ಲಿ" ಎಂದವಳು ಒಂದು ಗಿಬೊಂಗನನ್ನು ಅಂಟುಪಟ್ಟಿ ಹಾಕಿ ಅಂಗಡಿಯ ಗಾಜಿಗೆ, ಎಳ್ಳಿನ ಪಾಲಕ್ ಪಲ್ಯದ ಪಕ್ಕದಲ್ಲಿ, ಅಂಟಿಸಿಯೇಬಿಟ್ಟಳು. ಉಳಿದ ಹತ್ತು ಅವಳ ಏಪ್ರನ್ನಿನ ಜೇಬಿಗೆ ಹೋದವು.

ಗಿಬೊಂಗ್ ಮೇಲೆ ಬಂದು ತಪ್ಪೊಪ್ಪಿಗೆ ಪತ್ರ ಬರೆಯಲು ಕೂತ. ಕಂಪನಿಯಲ್ಲಿ ಏನೇ ಎಡವಟ್ಟಾದರೂ ಅದನ್ನು ಕೈಬರಹದಲ್ಲೇ ಬರೆದುಕೊಡಬೇಕು. 'ನಾನು ನನ್ನ ಮುಖವನ್ನು ಕಂಪನಿಯ ಅನುಮತಿಯಿಲ್ಲದೆ...' ಎಂಬಲ್ಲಿಗೆ ಬಂದು ಪೆನ್ನು ನಿಂತಿತು. ಮುಂದಿನ ಮಾತು ಈ ಮೊದಲು ಯಾರೂ ಬರೆದಿರಲಾರರು.

ಅಷ್ಟರಲ್ಲಿ ಸೆಬೊಮ್ ಫೋನು ಹಿಡಿದುಕೊಂಡು ದಡದಡನೆ ಒಳಗೆ ಬಂದಳು.

"ಅಣ್ಣಾ, ಏನಿದು ಅನ್ಯಾಯ? ಟೋಕಿಯೋದಲ್ಲಿ ಒಂದು ನಿನ್ನ ಕಾರ್ಡಿಗೆ ಮೂರು ನನ್ನ ಕಾರ್ಡು ಕೊಡ್ತಿದಾರಂತೆ!"

"ನನ್ನದಕ್ಕಾ? ಯಾಕೆ?"

"ಒಸಾಕಾದ ಯಾವಳೋ ಹುಡುಗಿಗೆ ಬೆಳಿಗ್ಗೆ ನಿನ್ನ ಕಾರ್ಡು ಬಂತಂತೆ. ಥೂ ಅಂತ ಪರ್ಸಿಗೆ ಹಾಕ್ಕೊಂಡ್ಳಂತೆ. ಐದೇ ನಿಮಿಷಕ್ಕೆ ನಮ್ಮ ಕಾರ್ಯಕ್ರಮದ ಟಿಕೆಟ್ ಲಾಟರೀಲಿ ಮೊದಲ ಸಾಲಿನ ಸೀಟು ಬಂತಂತೆ. ಈಗ ಎಲ್ರೂ, ಈ ನಗಲಾರದ ಮನುಷ್ಯ ಪರ್ಸಲ್ಲಿದ್ರೆ ಲಾಟರಿ ಹೊಡೆಯತ್ತೆ ಅಂತಿದಾರೆ. ಹದಿನಾಲ್ಕನೇ ವಯಸ್ಸಿಂದ ಕುಣಿದು ಕುಣಿದು ನನ್ನ ಮಂಡಿ ಸವೆದೋಯ್ತು ಅಣ್ಣಾ. ನೀನು ಸುಮ್ನೆ ಕಣ್ಣು ಬಿಟ್ಕೊಂಡು ಕೂತಿದೀಯ!"

ಅವಳ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಗಿಬೊಂಗನಿಗೆ ತನ್ನ ಮುಖದ ಮೇಲೆ ಮೊದಲ ಬಾರಿಗೆ ಅಸಹ್ಯವಾಯಿತು.

ಕೆಳಗಡೆಯಿಂದ ಕಿರುಚಾಟ ಕೇಳಿಸಿತು. ಕಿಟಕಿಯಿಂದ ಬಗ್ಗಿ ನೋಡಿದರೆ, ಸಿಯೋಲ್ ನೋಡಲು ಬಂದಿದ್ದ ಇಬ್ಬರು ಜಪಾನಿ ಹುಡುಗಿಯರು ಪಾಲಕ್ ಪಲ್ಯದ ಎದುರು ನಿಂತು ಗಾಜಿಗೆ ತಲೆಬಾಗಿ ಕೈಮುಗಿಯುತ್ತಿದ್ದರು. ಅರ್ಧ ಗಂಟೆಯಲ್ಲಿ ಇಬ್ಬರು ಇಪ್ಪತ್ತಾದರು, ನಾಲ್ಕು ಗಂಟೆಗೆ ಸಾಲು ತಿರುವಿನ ಔಷಧಿ ಅಂಗಡಿ ದಾಟಿತ್ತು. ಬಂದವರು ಸುಮ್ಮನೆ ಹೋಗಲು ನಾಚಿ ಪಲ್ಯ ಕೊಂಡರು. ಉಪ್ಪಿನಮೀನು ಮುಗಿಯಿತು, ಸೌತೆಕಾಯಿ ಕಿಮ್ಚಿ ಮುಗಿಯಿತು, ಮೂರು ದಿನದಿಂದ ಯಾರೂ ಮುಟ್ಟದ ಹುರಿದ ಬೆಳ್ಳುಳ್ಳಿ ಕಾಂಡವೂ ಮುಗಿಯಿತು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಹೇರಿಮ್ ಅಮ್ಮ ಖಾಲಿ ತಟ್ಟೆಗಳ ಹಿಂದೆ ನಿಂತು ಗಾಜಿನ ಮೇಲಿನ ಮುಖವನ್ನು ಬಹಳ ಹೊತ್ತು ನೋಡಿದಳು. ಮೂಲೆ ಮೇಲಕ್ಕೆದ್ದಿತ್ತು. ಅದನ್ನು ಹೆಬ್ಬೆರಳಿನಿಂದ ಮೃದುವಾಗಿ ಒತ್ತಿದಳು.

ಆರು ಗಂಟೆಗೆ ಸಾಹೇಬರು ಕರೆದರು. ಗಿಬೊಂಗನ ಎಡ ಜೇಬಿನಲ್ಲಿ ತಪ್ಪೊಪ್ಪಿಗೆ, ಬಲ ಜೇಬಿನಲ್ಲಿ ರಾಜೀನಾಮೆ. ಯಾವುದನ್ನು ತೆಗೆಯಬೇಕೆಂದು ತೋಚದೆ ಎರಡರ ಮೇಲೂ ಕೈಯಿಟ್ಟುಕೊಂಡು ನಿಂತ.

"ಕೂತ್ಕೊಳಪ್ಪಾ ತಾಕ್ ಮ್ಯಾನೇಜರ್! ಅಲ್ಲ, ಇನ್ಮೇಲೆ ಹಾಗನ್ನಬಾರ್ದು" ಎಂದು ಯೋಮ್ ಸಾಹೇಬರು ತಾವೇ ಕುರ್ಚಿ ಎಳೆದರು. "ಇನ್ನೂ ಹತ್ತು ಸಾವಿರ ಅಚ್ಚು ಹಾಕಿ ಅಂತ ಕುರೊಸೆ ಫೋನ್ ಮಾಡಿದ್ರು. ನಾನು ಮಾತು ಕೊಟ್ಟಿದ್ನಲ್ಲ, ತಗೋ. ಏಳು ವರ್ಷದ ಕಾಗದ!"

ಏಳು ವರ್ಷ! ಗಿಬೊಂಗನ ಕಣ್ಣು ತುಂಬಿ ಬಂತು. ಕಣ್ಣೊರೆಸಿಕೊಂಡು ಓದಿದ. ಅದು ನೌಕರಿಯ ಕಾಗದವಾಗಿರಲಿಲ್ಲ, ಕಲಾವಿದನ ಒಪ್ಪಂದವಾಗಿತ್ತು. ಮೂನ್‌ಬಟನ್‌ನ ಐದನೆಯ ಸದಸ್ಯ. ಮೊದಲ ವರ್ಷ ತಾತ್ಕಾಲಿಕ. ಪ್ರತಿ ಸೋಮವಾರ ತೂಕ. ನೂಡಲ್ಸ್ ನಿಷಿದ್ಧ. ಸಾರ್ವಜನಿಕವಾಗಿ ನಗುವಂತಿಲ್ಲ, ಅಳುವಂತಿಲ್ಲ. ಮೂರು ವರ್ಷ ಪ್ರೇಮ, ನಿಶ್ಚಿತಾರ್ಥ, ಮದುವೆ ಯಾವುದೂ ಕೂಡದು.

"ಸಾರ್, ನನ್ನ ಮದುವೆ!"

"ಮದುವೆಯಾದ್ರೆ ಅಭಿಮಾನಿಗಳ ಎದೆ ಒಡೆಯಲ್ವೇನಯ್ಯಾ? ನಾಲ್ಕು ಹುಡುಗೀರೂ ಇದಕ್ಕೇ ಸಹಿ ಮಾಡಿರೋದು."

"ನಾನು ಮಾಡಲ್ಲ ಸಾರ್. ಹೇರಿಮ್ ಅಮ್ಮ ಇದಕ್ಕೆ ಒಪ್ಪೋದೇ ಇಲ್ಲ." ಮೂರು ವರ್ಷದಲ್ಲಿ ಅವನು ಆಡಿದ ಮೊದಲ ಗಟ್ಟಿ ಮಾತು ಅದು.

"ಯಾರು ಒಪ್ಪಲ್ಲ?" ಬಾಗಿಲಲ್ಲಿ ಹೇರಿಮ್ ಅಮ್ಮ ನಿಂತಿದ್ದಳು. ಹೆಗಲ ಮೇಲಿಂದ ಅಡ್ಡಲಾಗಿ 'ಗಿಬೊಂಗ್ ಅಭಿಮಾನಿ ಸಂಘ, ಅಧ್ಯಕ್ಷೆ' ಎಂಬ ಪಟ್ಟಿ. "ಏಳು ವರ್ಷ ಅಂದ್ರೆ ಖಾಯಂಗಿಂತ ಖಾಯಂ! ನನ್ನ ಅಳಿಯ ನೀನೇ. ಮಾತಿಗೆ ತಪ್ಪೋಳಲ್ಲ ನಾನು."

ಗಿಬೊಂಗನಿಗೆ ಹೋದ ಜೀವ ಬಂತು. "ಹಾಗಾದ್ರೆ ಹೇಳಿ ಅತ್ತೆ ಇವರಿಗೆ! ಮೂರು ವರ್ಷ ಮದುವೆ ಕೂಡದು ಅಂತ ಬರೆದಿದಾರೆ."

ಹೇರಿಮ್ ಅಮ್ಮ ಕಾಗದ ತೆಗೆದುಕೊಂಡು ಓದಿದಳು. ಕಿಟಕಿಯಿಂದ ಕೆಳಗೆ ಅಂಗಡಿಯ ಮುಂದಿನ ಜನರ ಸಾಲಿನ ಕಡೆ ಒಮ್ಮೆ ನೋಡಿದಳು. ನಿಟ್ಟುಸಿರು ಬಿಟ್ಟಳು.

"ನಿಯಮ ಅಂದ್ಮೇಲೆ ನಿಯಮ ಕಣಪ್ಪಾ. ಪಾಪ, ಅಷ್ಟು ದೂರದಿಂದ ಬಂದಿರೋ ಮಕ್ಕಳು. ಅವರ ಮನಸ್ಸು ನೋಯಿಸಿ ನಾನು ನಾಳೆ ಯಾರಿಗೆ ಕಿಮ್ಚಿ ಮಾರ್ಲಿ? ಮೂರು ವರ್ಷ ತಾನೇ, ಹಾಕು ಸಹಿ."

ಸಹಿ ಬಿತ್ತು. ಮೊದಲ ಕಾರ್ಯಕ್ರಮ ಆಗಲೇ, ಅಂಗಡಿಯ ಮುಂದೆಯೇ. ಪೆಟ್ಟಿಗೆಯಲ್ಲಿ ಉಳಿದಿದ್ದ ಮಾದರಿ ಸಿಡಿಗಳಲ್ಲಿ ಒಂದನ್ನು ಕೊಂಡವರು ಗಿಬೊಂಗನ ಅಂಗೈಗೆ ಎರಡು ಸೆಕೆಂಡು ತಮ್ಮ ಅಂಗೈ ತಾಗಿಸಬಹುದು. ಮ್ಯಾನೇಜರು ನಿಲ್ಲುವ ಜಾಗದಲ್ಲಿ ಈಗ ಸಾಹೇಬರೇ ನಿಂತು, "ಮುಂದೆ, ಮುಂದೆ!" ಎಂದು ತಳ್ಳುತ್ತಿದ್ದರು.

ಶಿಶುವಿಹಾರ ಮುಗಿಸಿ ಹೇರಿಮ್ ಓಡಿ ಬಂದಳು. "ಏನೋ ಇದು? ಕಾಗದ ಸಿಕ್ತಾ?"

ಅವಳ ತಾಯಿ ಕೈ ಅಡ್ಡ ಹಿಡಿದಳು. "ದೂರ, ದೂರ! ಯಾರಾದ್ರೂ ಫೋಟೊ ಹೊಡೆದ್ರೆ ಏನು ಗತಿ? ಸಾಲಲ್ಲಿ ಬಾ."

ಹೇರಿಮ್ ನಲವತ್ತು ನಿಮಿಷ ಸಾಲಿನಲ್ಲಿ ನಿಂತಳು. ಕೊನೆಯ ಸಿಡಿ ಅವಳಿಗೇ ಸಿಕ್ಕಿತು. ಅಂಗೈ ತಾಗಿಸಿ ಅವನನ್ನು ನೋಡಿದಳು. ಗಿಬೊಂಗ್ ಪಾಸ್‌ಪೋರ್ಟ್ ಫೋಟೊದಲ್ಲಿದ್ದಂತೆಯೇ ನೋಡಿದ. ಈ ಸಲ ಯಾರೂ ಅಪ್ಪಣೆ ಕೊಡಬೇಕಾಗಿರಲಿಲ್ಲ. "ಮುಂದೆ!" ಎಂದರು ಸಾಹೇಬರು.

ಕಡೇಪಕ್ಷ ಅವನ ಮುಖವಾದರೂ ಇರಲಿ ಎಂದು ಅವಳು ಬೀದಿದೀಪದ ಕಂಬದ ಹತ್ತಿರ ನಿಂತು ಸಿಡಿ ಬಿಚ್ಚಿದಳು. ಒಳಗಿನಿಂದ ಸೆಬೊಮ್ ಕಣ್ಣು ಹೊಡೆದಳು.

ಪಕ್ಕದಲ್ಲಿದ್ದ ಜಪಾನಿ ಹುಡುಗಿಯ ಕೈಯಲ್ಲಿ ಗಿಬೊಂಗ್ ಇದ್ದ. ಹೇರಿಮ್ ತನ್ನ ಕಾರ್ಡನ್ನು ಮುಂದೆ ಚಾಚಿ, "ಬದಲಾಯಿಸ್ಕೊಳ್ತೀರಾ?" ಎಂದು ಕೇಳಿದಳು.

ಹುಡುಗಿ ಸೊಂಟದವರೆಗೂ ಬಾಗಿ ಕ್ಷಮೆ ಕೇಳಿದಳು. "ಮೂರು ಸೆಬೊಮ್ ಇದ್ದರೆ ಕೊಡಬಹುದಿತ್ತು" ಎಂದು ಮೆಲ್ಲಗೆ ಹೇಳಿ, ಗಿಬೊಂಗನನ್ನು ಪರ್ಸಿನೊಳಗಿಟ್ಟು ಜಿಪ್ಪು ಎಳೆದಳು.