ಚಿಕ್ಕ ಹಡಗೂ ಮೂರನೇ ಮೆಟ್ಟಿಲೂ

ಈ ಲೋಕದಲ್ಲಿ ಯಾವ ವಸ್ತುವಿಗೂ ಎರಡು ಬೆಲೆ ಇರುತ್ತದೆ. ಒಂದು ಹೇಳುವ ಬೆಲೆ, ಇನ್ನೊಂದು ಕೊಡುವ ಬೆಲೆ. ಇವೆರಡರ ನಡುವೆ ಇರುವ ಜಾಗದಲ್ಲಿಯೇ ನಮ್ಮ ಮನೆತನ ಮೂರು ತಲೆಮಾರಿನಿಂದ ಉಂಡುಟ್ಟುಕೊಂಡು ಬಂದಿದೆ. ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ನಮ್ಮದೊಂದು ಪಾತ್ರೆ ಅಂಗಡಿ. ಅಂಗಡಿಗೆ ಹತ್ತಲು ಮೂರು ಕಲ್ಲಿನ ಮೆಟ್ಟಿಲು. ನಮ್ಮ ತಂದೆ ವ್ಯಾಪಾರದ ವೇದಾಂತವನ್ನೆಲ್ಲ ಆ ಮೂರು ಮೆಟ್ಟಿಲುಗಳಲ್ಲೇ ಇಟ್ಟಿದ್ದರು. ಗಿರಾಕಿ ರೇಟು ಒಪ್ಪದೆ ಎದ್ದು ಹೊರಟರೆ, ಮೊದಲನೇ ಮೆಟ್ಟಿಲಿಗೆ ಅವರ ಕಡೆ ನೋಡಲೇಬಾರದು, ತಕ್ಕಡಿ ಒರೆಸುತ್ತಿರಬೇಕು. ಎರಡನೇ ಮೆಟ್ಟಿಲಿಗೆ ಒಂದು ಸಲ ಕೆಮ್ಮಬೇಕು. ಮೂರನೇ ಮೆಟ್ಟಿಲಿಗೆ, "ಬನ್ನಿ ತಾಯಿ ಇಲ್ಲಿ, ನಿಮ್ಮ ಮಾತೂ ಬೇಡ, ನನ್ನ ಮಾತೂ ಬೇಡ" ಎಂದು ಕರೆಯಬೇಕು. ಗಿರಾಕಿಗಳಿಗೂ ಇದು ಗೊತ್ತು. ಅದಕ್ಕೇ ಅವರು ಹೊಸ ಮದುವಣಗಿತ್ತಿಯ ಹಾಗೆ ಒಂದೊಂದೇ ಹೆಜ್ಜೆ ಇಟ್ಟು ಇಳಿಯುತ್ತಾರೆ. ಕರೆಯುವವನಿಗೂ ಮಾನ, ಕರೆಸಿಕೊಂಡವರಿಗೂ ಮಾನ.

ಅಂಗಡಿಯಲ್ಲಿ ಕೂತು ಕರೆಯುವ ನಾನು, ಬೇರೆಯವರ ಅಂಗಡಿಯಲ್ಲಿ ಎದ್ದು ಹೊರಡುವುದರಲ್ಲೂ ಪ್ರವೀಣ. ಹೂವಿನವಳ ಹತ್ತಿರ ಎದ್ದು ಹೊರಟಿದ್ದೇನೆ, ಹಲ್ಲಿನ ಡಾಕ್ಟರ ಹತ್ತಿರ ಬಾಯಿ ತೆರೆದುಕೊಂಡೇ ಎದ್ದು ಹೊರಟಿದ್ದೇನೆ. ದುಡ್ಡಿನ ಮಾತೇ ಇಲ್ಲದ ಕಡೆಯೂ ಈ ಬುದ್ಧಿ ಬಿಡುವುದಿಲ್ಲ. ಹಾಸನದ ಹತ್ತಿರ ಮೊಸಳೆ ಎಂಬ ಊರಿನಲ್ಲಿ ಅಕ್ಕಪಕ್ಕ ಎರಡು ಹೊಯ್ಸಳ ದೇವಸ್ಥಾನಗಳಿವೆಯಲ್ಲ, ಒಂದನ್ನು ನೋಡಿ ಹೊರಬಂದವನು, "ಇನ್ನೊಂದೂ ಇದೇ ಅಳತೆ, ಇದೇ ಮಾಲು, ಹೊತ್ತು ಯಾಕೆ ದಂಡ?" ಎಂದು ಚಪ್ಪಲಿ ಮೆಟ್ಟಿಕೊಂಡೆ. ನನ್ನ ಹೆಂಡತಿ ಗಿರಿಜ ಎರಡನೆಯದನ್ನೂ ನೋಡಿಕೊಂಡು, ಮೊದಲನೆಯದನ್ನು ಇನ್ನೊಂದು ಸಲ ನೋಡಿಕೊಂಡು ಬಂದಳು.

ಗಿರಿಜ ಅರಕಲಗೂಡಿನವಳು. ಅವಳು ನನಗೆ ಸಿಕ್ಕಿದ್ದೂ ಈ ಮೆಟ್ಟಿಲ ದೆಸೆಯಿಂದಲೇ. ಮೂವತ್ತೈದು ವರ್ಷದ ಹಿಂದೆ ಅವಳ ಅಕ್ಕ ಶಾಂತಕ್ಕನ ಮದುವೆಗೆ ಪಾತ್ರೆ ಕೊಳ್ಳಲು ತಾಯಿಯ ಜೊತೆ ಬಂದಿದ್ದಳು. ಒಂದು ಹಿತ್ತಾಳೆ ಬಿಂದಿಗೆಯ ರೇಟು ಹೊಂದಲಿಲ್ಲ. ಹುಡುಗಿ ಎದ್ದಳು. ನಮ್ಮ ತಂದೆ ತಕ್ಕಡಿ ಒರೆಸಿದರು, ಕೆಮ್ಮಿದರು, ಕರೆಯಲು ಬಾಯಿ ತೆರೆಯುವಷ್ಟರಲ್ಲಿ ಅವಳು ಮೂರೂ ಮೆಟ್ಟಿಲನ್ನು ದಡದಡ ಇಳಿದು, ತಾಯಿಯ ಕೈ ಹಿಡಿದುಕೊಂಡು, ಹಿಂದಿರುಗಿಯೂ ನೋಡದೆ ಬಸ್‌ಸ್ಟ್ಯಾಂಡಿನ ದಾರಿ ಹಿಡಿದಿದ್ದಳು. ಮೂರು ತಲೆಮಾರಿನಲ್ಲಿ ಹಾಗೆ ಆದದ್ದೇ ಇಲ್ಲ. ಬಿಂದಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಬೀದಿಯುದ್ದಕ್ಕೂ ಓಡಿದವನು ನಾನು. ಅರಕಲಗೂಡಿನ ಬಸ್ಸು ಹೊರಡುವ ಮುನ್ನ ಅವಳು ಹೇಳಿದ ಬೆಲೆಗೇ ಕೊಟ್ಟು, ಏದುಸಿರು ಬಿಡುತ್ತಾ ಬಂದೆ. ನಮ್ಮ ತಂದೆ ನನ್ನನ್ನು ಬೈಯುವ ಬದಲು, "ಆ ಮಗು ಯಾರ ಮನೇದು, ವಿಚಾರಿಸೋ" ಎಂದರು. ಈ ಹೆಣ್ಣು ಹಿಂದಿರುಗಿ ನೋಡುವ ಜಾತಿಯಲ್ಲ ಎಂಬುದು ನನಗೆ ಅವತ್ತೇ ಗೊತ್ತಾಗಬೇಕಿತ್ತು. ಗೊತ್ತಾಗಿದ್ದರೆ ಈ ಪ್ರಬಂಧ ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ಈಗ ಹಡಗಿನ ವಿಷಯಕ್ಕೆ ಬರುತ್ತೇನೆ. ಮಲ್ಪೆಗೆ ಒಮ್ಮೆ ಹೋಗಿದ್ದಾಗ ಗಿರಿಜ ದೋಣಿ ಹತ್ತಬೇಕೆಂದಳು. ದೋಣಿಯವನು ತಲೆಗೆ ಇಷ್ಟು ಎಂದ. ನಾನು ಎಂದಿನಂತೆ ಎದ್ದು ಹೊರಟೆ. ಮರಳಿನಲ್ಲಿ ಮೆಟ್ಟಿಲು ಇರುವುದಿಲ್ಲವಲ್ಲ, ಎಷ್ಟನೇ ಹೆಜ್ಜೆಗೆ ಕರೆಯಬೇಕೆಂದು ಅವನಿಗೆ ಗೊತ್ತಾಗಲಿಲ್ಲವೋ ಏನೋ, ಬೇರೆಯವರನ್ನು ಕೂರಿಸಿಕೊಂಡು ಹೊರಟೇಹೋದ. ಗಿರಿಜ ದಡದಲ್ಲಿ ನಿಂತು, ದೋಣಿ ಸಾಸಿವೆ ಕಾಳಿನಷ್ಟಾಗುವವರೆಗೂ ನೋಡಿದಳು. ಆಗ ಒಂದು ಮಾತೂ ಆಡಲಿಲ್ಲ. ಆಮೇಲೆ ಹದಿನೆಂಟು ವರ್ಷ ಆ ಮಾತನ್ನು ನಿಲ್ಲಿಸಲೂ ಇಲ್ಲ. ಗೊರೂರು ಅಣೆಕಟ್ಟೆಯಿಂದ ಹೇಮಾವತಿ ಹೊಳೆಗೆ ನೀರು ಬಿಟ್ಟರು ಅಂದರೆ ಸಾಕು, "ನೀರಿನ ಮೇಲೆ ಹೋಗೋಕೂ ಪಡ್ಕೊಂಡು ಬಂದಿರ್ಬೇಕು" ಎಂದು ಒಗ್ಗರಣೆಗೆ ಹೇಳಿದ ಹಾಗೆ ಹೇಳುತ್ತಿದ್ದಳು.

ಹೋದ ವರ್ಷ ಅವಳ ತವರಿನ ಪಾಲಿಗೆ ಬಂದ ಒಂದು ಸೈಟು ಮಾರಾಟವಾಗಿ ಕೈಗೆ ದುಡ್ಡು ಬಂತು. ಅದೇ ವಾರ ಶಾಂತಕ್ಕ ಮೊಬೈಲಿಗೆ ಒಂದು ವಿಡಿಯೋ ಕಳಿಸಿದರು. ಕೊಚ್ಚಿಯಿಂದ ಹೊರಟು ದ್ವೀಪಗಳನ್ನು ಸುತ್ತುವ ಹಡಗು, ಆರು ರಾತ್ರಿ, ಬಿಳೀ ಹಾಸಿಗೆ, ಕೋಣೆಗೊಂದು ಬಾಲ್ಕನಿ, ಬಾಲ್ಕನಿಯ ಕೆಳಗೆ ಸಮುದ್ರ. ಗಿರಿಜ ಅದನ್ನು ಅಡುಗೆಮನೆಯಲ್ಲಿ ನಿಂತು ನೋಡಿದಳು, ದೇವರಮನೆಯ ಮುಂದೆ ಕೂತು ನೋಡಿದಳು. "ಹೋಗೋಣ ಕಣ್ರೀ. ಇಬ್ರೂ ಹೋಗೋಣ. ನನ್ನ ದುಡ್ಡಲ್ಲೇ" ಎಂದಳು. ಇಬ್ಬರೂ ಎಂಬ ಮಾತನ್ನು ಅವಳು ಒತ್ತಿ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಒಳಗೊಳಗೇ ಹಿಗ್ಗಿದೆ. ಆದರೆ ಹಿಗ್ಗನ್ನು ತೋರಿಸಿದರೆ ರೇಟು ಏರುತ್ತದೆ ಎಂಬ ಹಳೇ ಅಭ್ಯಾಸದಿಂದ, "ವಿಚಾರಿಸೋಣ" ಎಂದೆ.

ವಿಚಾರಿಸಲು ಬಾಗೂರಿನ ನನ್ನ ಗೆಳೆಯ ರಾಜೇಗೌಡನ ಹತ್ತಿರ ಹೋದೆ. ಅವನು ತೆಂಗಿನಕಾಯಿ ವ್ಯಾಪಾರದವರ ಜೊತೆ ಒಮ್ಮೆ ದೊಡ್ಡ ಹಡಗಿನಲ್ಲಿ ಹೋಗಿ ಬಂದಿದ್ದ. ಅವನ ಅಭಿಪ್ರಾಯ ಸ್ಪಷ್ಟವಾಗಿತ್ತು. "ಅದು ಅಡಗಲ್ಲ ಕಣಯ್ಯ, ಚನ್ನರಾಯಪಟ್ಣದ ಸಂತೇನ ನೀರ್ ಮ್ಯಾಲೆ ಬುಟ್ಟಂಗೆ ಇತ್ತು. ತಿಂಡಿಗೂ ಕ್ಯೂ, ಲಿಫ್ಟಿಗೂ ಕ್ಯೂ. ಸಮುದ್ರ ನೋಡಾನ ಅಂತ ಓದ್ರೆ ಬರೀ ಜನದ ಬೆನ್ನೇ ಕಂಡಿದ್ದು. ಓಗಾದಾದ್ರೆ ಸಣ್ಣದ್ರಲ್ಲೇ ಓಗು." ಇಷ್ಟು ಅನುಭವದ ಮಾತು ಪುಕ್ಕಟೆಯಾಗಿ ಸಿಕ್ಕಿತು ಅನ್ನುವ ಒಂದೇ ಕಾರಣಕ್ಕೆ ನನಗೆ ಅದರ ಮೇಲೆ ನಂಬಿಕೆ ಹುಟ್ಟಲಿಲ್ಲ.

ಹಾಸನದ ಒಂದು ಟ್ರಾವೆಲ್ಸ್ ಆಫೀಸಿಗೆ ಇಬ್ಬರೂ ಹೋದೆವು. ಮೊದಲನೇ ಮಹಡಿ. ಮೇಜಿನ ಹಿಂದೆ ಕೂತಿದ್ದ ಹೆಣ್ಣುಮಗಳು ಬಹಳ ಮರ್ಯಾದೆಯಿಂದ ನೀರು ಕೊಟ್ಟು, ಬಣ್ಣದ ಪುಸ್ತಕ ಬಿಚ್ಚಿ, ಬೆಲೆ ಹೇಳಿದಳು. ಆ ಮೊತ್ತವನ್ನು ನಾನಿಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆಯಿಂದ ನಮ್ಮ ಬೀದಿಯಲ್ಲಿ ನನ್ನನ್ನು ಸಾಲ ಕೇಳಲು ಯಾರೂ ನಾಚುವುದಿಲ್ಲ. ಬೆಲೆಗಿಂತ ನನ್ನ ಎದೆ ಝಲ್ಲೆನಿಸಿದ್ದು ಇನ್ನೊಂದು ಸಂಗತಿ. ಸಾವಿರಾರು ಜನ ಹಿಡಿಸುವ ದೊಡ್ಡ ಹಡಗಿಗೆ ಕಡಿಮೆ ರೇಟು, ನಲವತ್ತೇ ಕೋಣೆಯ ಚಿಕ್ಕ ಹಡಗಿಗೆ ಅದರ ಮೂರರಷ್ಟು! ಗಿರಿಜ ವಿಡಿಯೋದಲ್ಲಿ ನೋಡಿ ಮನಸ್ಸಿಟ್ಟದ್ದು ಆ ಚಿಕ್ಕದರ ಮೇಲೆಯೇ. ನಾನು ಹುಟ್ಟಿದಾಗಿನಿಂದ ಪಾತ್ರೆಯನ್ನು ತೂಕದ ಮೇಲೆ ಮಾರಿದವನು. ಹಂಡೆಗಿಂತ ಚೊಂಬಿಗೆ ಹೆಚ್ಚು ದುಡ್ಡು ಅಂದರೆ ಯಾವ ಗಿರಾಕಿ ಒಪ್ಪುತ್ತಾನೆ? ಅದನ್ನೇ ಕೇಳಿದೆ. "ಚಿಕ್ಕದಾಗಿರೋದಕ್ಕೇ ದುಡ್ಡು ಸಾರ್. ಜನ ಕಮ್ಮಿ, ಗಲಾಟೆ ಇಲ್ಲ, ನಿಮ್ಮ ಹೆಸರು ಹಿಡಿದು ವಿಚಾರಿಸ್ಕೊಳ್ತಾರೆ" ಎಂದಳು. ನನ್ನ ಹೆಸರು ಹಿಡಿದು ಬೈಯುವವರು ಊರಿನಲ್ಲೇ ಬೇಕಾದಷ್ಟು ಜನ ಇದ್ದಾರೆ ಎಂದುಕೊಂಡೆ.

ಆಮೇಲೆ ಚೌಕಾಸಿಗೆ ಇಳಿದೆ. ಊಟ, ಪಾನೀಯ, ಈಜುಕೊಳ ಎಲ್ಲ ಆ ಬೆಲೆಯಲ್ಲೇ ಸೇರಿದೆ ಎಂದಳಲ್ಲ, ಅಲ್ಲಿಗೆ ಕೈ ಹಾಕಿದೆ. ನಾವು ಲಿಂಗ ಕಟ್ಟಿಕೊಂಡವರು, ಕುಡಿಯುವುದಿಲ್ಲ, ಅದನ್ನು ಕಳೆಯಿರಿ. ಮೀನು ಮಾಂಸ ಮುಟ್ಟುವುದಿಲ್ಲ, ಅದನ್ನು ಕಳೆಯಿರಿ. ಗಿರಿಜ ಸೀರೆ ಬಿಟ್ಟು ಬೇರೆ ಉಟ್ಟವಳಲ್ಲ, ಈಜುಕೊಳಕ್ಕೆ ಇಳಿಯುವ ಪ್ರಶ್ನೆಯೇ ಇಲ್ಲ, ಅದನ್ನೂ ಕಳೆಯಿರಿ. ಹೀಗೆ ಕಳೆಯುತ್ತಾ ಹೋಗಿ, ನನ್ನ ಲೆಕ್ಕದಲ್ಲಿ ಹಡಗಿನವರೇ ನಮಗೆ ಏನಾದರೂ ಕೊಡಬೇಕಾದ ಹಂತಕ್ಕೆ ತಂದೆ. ಅವಳು ನಗುತ್ತಲೇ, "ಫಿಕ್ಸೆಡ್ ರೇಟ್ ಸಾರ್" ಎಂದಳು. ಹಾಗಾದರೆ ಕೊಸರು ಅಂತ ಒಂದು ದಿನವಾದರೂ ಜಾಸ್ತಿ ಹಾಕಿ ಎಂದೆ. ಅವಳಿಗೆ ಕೊಸರು ಎಂದರೇನೆಂದು ಗಿರಿಜ ವಿವರಿಸಬೇಕಾಯಿತು. ತೂಕದ ಮೇಲೆ ಒಂದು ಹಿಡಿ ಸೇರಿಸಿ ಕೊಡುತ್ತಾರಲ್ಲ, ಅದು. ಸಮುದ್ರದಲ್ಲಿ ಆ ಪದ್ಧತಿ ಇಲ್ಲವಂತೆ. ನಾನು ಎದ್ದು ಹೊರಟೆ.

ಮಹಡಿಗೆ ಇಪ್ಪತ್ತೆರಡು ಮೆಟ್ಟಿಲು. ಮೂರಕ್ಕೇ ಕರೆಯುವ ನಮ್ಮ ಪದ್ಧತಿಗೆ ಹೋಲಿಸಿದರೆ ಎಷ್ಟು ಅವಕಾಶ! ಒಂದೊಂದು ಮೆಟ್ಟಿಲಿಗೂ ಕಿವಿ ಕೊಟ್ಟು ಇಳಿದೆ. ಕೆಳಗಿನ ಟೀ ಅಂಗಡಿಯಲ್ಲಿ ಅರ್ಧ ಟೀ ಕುಡಿದೆ. ಯಾರೂ ಕರೆಯಲಿಲ್ಲ. ತಿರುಗಿ ನೋಡಿದರೆ ಗಿರಿಜಳೂ ಹಿಂದೆ ಬಂದಿರಲಿಲ್ಲ. ಗಂಡ ಎದ್ದರೆ ಹೆಂಡತಿಯೂ ಎದ್ದು, "ಬನ್ನಿ, ಬೇರೆ ಕಡೆ ನೋಡೋಣ" ಅನ್ನುವುದೇ ಚೌಕಾಸಿಯ ಅರ್ಧ ಬಲ. ಮಂಡಿ ಹಿಡಿದುಕೊಂಡು ಮತ್ತೆ ಹತ್ತಿ ನೋಡಿದರೆ, ಅವಳು ಕುರ್ಚಿಯಿಂದ ಅಲುಗಿಲ್ಲ. ಹಡಗಿನಲ್ಲಿ ರೊಟ್ಟಿ ಸಿಗುತ್ತದೆಯೇ ಎಂದು ಕೇಳುತ್ತಾ ಕೂತಿದ್ದಾಳೆ. ಒಂದೇ ಕೋಣೆ ಉಳಿದಿದೆ, ನಾಳೆ ಬೆಳಗ್ಗೆ ಹತ್ತರವರೆಗೆ ನಿಮಗಾಗಿ ಹಿಡಿದಿಟ್ಟಿರುತ್ತೇನೆ ಎಂದು ಆ ಹೆಣ್ಣುಮಗಳು ಹೇಳಿದಾಗ ನನಗೆ ನಗು ಬಂತು. "ಇದೊಂದೇ ಪೀಸು ಇರೋದು ತಾಯಿ" ಎಂಬುದು ನಾನೇ ದಿನಕ್ಕೆ ಹತ್ತು ಸಲ, ಹಿಂದಿನ ಕೋಣೆಯಲ್ಲಿ ನಲವತ್ತು ಪೀಸು ಇಟ್ಟುಕೊಂಡು ಹೇಳುವ ಮಾತು.

ಮಾರನೇ ಬೆಳಗ್ಗೆ ನಾನೊಂದು ಉಪಾಯ ಮಾಡಿದೆ. ಉಪಾಯ ಹೀಗಿತ್ತು: ನಾನು ಬರುವುದಿಲ್ಲ ಎಂದುಬಿಡುವುದು. ಗಿರಿಜ ಗಾಬರಿಯಾಗಿ, ನೀವಿಲ್ಲದೆ ನಾನು ಹೇಗೆ ಹೋಗಲಿ ಅನ್ನುವುದು. ಆಗ ನಾನು ಕರಗಿದವನ ಹಾಗೆ ಮಾಡಿ, ಆಗಲಿ, ದೊಡ್ಡ ಹಡಗಿನಲ್ಲೇ ಹೋಗೋಣ ಎಂದು ಕಡಿಮೆ ರೇಟಿಗೆ ಒಪ್ಪಿಸುವುದು. ಅವಳಿಗೂ ಸಮುದ್ರ, ನನಗೂ ಸಮಾಧಾನ. ಅವಳು ಕಾಫಿ ತಂದಿಟ್ಟಾಗ, "ಅಷ್ಟು ದುಡ್ಡು ಸುರಿದು ನಾನಂತೂ ಬರಲ್ಲ. ಬೇಕಿದ್ರೆ ನಿಮ್ಮಕ್ಕನ್ನ ಕರ್ಕೊಂಡು ಹೋಗು" ಎಂದು ಎದ್ದೆ.

ನಮ್ಮ ಮನೆಗೂ ಮೂರೇ ಮೆಟ್ಟಿಲು, ಕಟ್ಟಿಸಿದವರು ನಮ್ಮ ತಂದೆಯೇ ಅಲ್ಲವೆ! ಮೊದಲನೇ ಮೆಟ್ಟಿಲು ಇಳಿದೆ. ಒಳಗೆ ಲೋಟ ತೊಳೆಯುವ ಸದ್ದು. ಎರಡನೇ ಮೆಟ್ಟಿಲು ಇಳಿದೆ. ಅವಳು ಕೆಮ್ಮಲಿಲ್ಲ, ನಾನೇ ಕೆಮ್ಮಿದೆ. ಮೂರನೇ ಮೆಟ್ಟಿಲಲ್ಲಿ ನಿಂತು, ಚಪ್ಪಲಿಯೊಳಗೆ ಇಲ್ಲದ ಕಲ್ಲನ್ನು ಎರಡು ಸಲ ಕೊಡವಿದೆ. ಆಗ ಒಳಗಿನಿಂದ ಅವಳ ದನಿ ಕೇಳಿಸಿತು. ಜೀವ ಬಂದ ಹಾಗಾಯಿತು. ಆದರೆ ಅವಳು ಮಾತಾಡುತ್ತಿದ್ದದ್ದು ಫೋನಿನಲ್ಲಿ. "ಅಕ್ಕಾ, ನಿನ್ನತ್ರ ಗಾಲಿ ಇರೋ ಸೂಟ್‌ಕೇಸು ಐತಾ?"

ಅಂಗಡಿಗೆ ಹೋಗಿ ಕೂತೆ. ತಕ್ಕಡಿಯನ್ನು ಅವತ್ತು ಒರೆಸಿದಷ್ಟು ಎಂದೂ ಒರೆಸಿಲ್ಲ. ನಿಜ ಹೇಳುತ್ತೇನೆ, ನನಗೆ ಹೋಗಬೇಕೆಂದೇ ಇತ್ತು. ಆ ಬಾಲ್ಕನಿಯಲ್ಲಿ ಅವಳ ಪಕ್ಕ ಕೂತು, ಮಲ್ಪೆಯ ದೋಣಿಯ ಮಾತು ಇಲ್ಲಿಗೆ ಮುಗಿಯಿತಲ್ಲ ಎಂದು ಹೇಳುವುದನ್ನು ಮನಸ್ಸಿನಲ್ಲಿ ನಾಲ್ಕು ಸಲ ಹೇಳಿ ನೋಡಿಕೊಂಡಿದ್ದೆ. ಮಧ್ಯಾಹ್ನದ ಹೊತ್ತಿಗೆ ಮಾನ ಬಿಟ್ಟು ಹಾಸನಕ್ಕೆ ಫೋನು ಮಾಡಿ, ಹೇಳಿದ ಬೆಲೆಗೇ, ಕೊಸರಿಲ್ಲದೆ, ನನಗೂ ಒಂದು ಜಾಗ ಕೊಡಿ ಎಂದೆ. ಆ ಹೆಣ್ಣುಮಗಳಿಗೆ ನಿಜವಾಗಿಯೂ ಬೇಜಾರಾಯಿತು. "ನಿಮ್ಮ ಮನೆಯವರು ಬೆಳಗ್ಗೇನೇ ದುಡ್ಡು ಕಟ್ಟಿಬಿಟ್ರು ಸಾರ್. ಅದೇ ಕೊನೇ ರೂಮು. ಚಿಕ್ಕ ಹಡಗಲ್ವಾ ಸಾರ್" ಎಂದಳು. ಕೊನೇ ಪೀಸು ಎಂದು ನಿಜ ಹೇಳುವ ವ್ಯಾಪಾರಿಯೂ ಈ ಲೋಕದಲ್ಲಿ ಇರಬಹುದು ಎಂಬುದು ನನಗೆ ಅರವತ್ತನಾಲ್ಕನೇ ವಯಸ್ಸಿನಲ್ಲಿ ತಿಳಿಯಿತು.

ಅಕ್ಕತಂಗಿಯರನ್ನು ಹಾಸನದಲ್ಲಿ ರೈಲು ಹತ್ತಿಸಿ ಬಂದೆ. ರೈಲು ಹೊರಟಾಗ ಗಿರಿಜ ಕಿಟಕಿಯಿಂದ ಕೈ ಬೀಸಿ, ಹಾಲು ಫ್ರಿಜ್ಜಿನಲ್ಲಿದೆ ಎಂದಳು. ಆ ಆರು ದಿನ ಬೇಳೆ ಬೇಯಿಸಿಕೊಂಡು, ಅವಳು ಕಳಿಸಿದ ಫೋಟೋಗಳನ್ನು ನೋಡಿಕೊಂಡು ಕಳೆದೆ. ಒಂದರಲ್ಲಿ ಅವಳು ಬಾಲ್ಕನಿಯಲ್ಲಿ ಕೂತು ಗಾಳಿಗೆ ಸೆರಗು ಹಿಡಿದುಕೊಂಡು ನಗುತ್ತಿದ್ದಳು. ಬಾಯ್ತುಂಬ ಹಾಗೆ ನಕ್ಕದ್ದನ್ನು ನಾನು ನೋಡಿ ಎಷ್ಟು ವರ್ಷವಾಗಿತ್ತೋ. ಪಕ್ಕದ ಖಾಲಿ ಕುರ್ಚಿ ಶಾಂತಕ್ಕನದು, ಅವರು ಫೋಟೋ ಹಿಡಿಯುತ್ತಿದ್ದರು. ಅದು ನನ್ನದಾಗಬೇಕಿದ್ದ ಕುರ್ಚಿ.

ವಾಪಸು ಬಂದವಳು ಚೀಲದಿಂದ ಒಂದು ಪುಟ್ಟ ಹಿತ್ತಾಳೆ ಗಂಟೆ ತೆಗೆದು ಕೈಗಿಟ್ಟಳು. ಹಡಗಿನವರು ಕೊನೇ ದಿನ ಕೋಣೆಗೊಂದರಂತೆ, ಯಾರೂ ಕೇಳದೆಯೇ ಕೊಟ್ಟರಂತೆ. ಅಂತೂ ಕೊಸರು ಇತ್ತು! ಅಭ್ಯಾಸಬಲದಿಂದ ಅಂಗೈಯಲ್ಲೇ ತೂಗಿ ನೋಡಿದೆ, ಒಳ್ಳೇ ತೂಕ. ತಿರುಗಿಸಿದರೆ ಅಂಚಿನಲ್ಲಿ ಹೆಸರು ಬರೆದಿತ್ತು: ಗಿರಿಜ, ಶಾಂತ. ಮೂವತ್ತೈದು ವರ್ಷದಿಂದ ಊರಿನ ಗಂಡಹೆಂಡಿರ ಹೆಸರನ್ನೆಲ್ಲ ಪಾತ್ರೆಗಳ ಮೇಲೆ ಕೊರೆದು ಕೊಟ್ಟವನು ನಾನು. ಗಂಟೆಯನ್ನು ಪಂಚೆಯ ತುದಿಯಿಂದ ಒರೆಸಿದೆ. ಆಮೇಲೆ, ಕೊಟ್ಟ ದುಡ್ಡಿಗೆ ಮೋಸ ಇರಲಿಲ್ಲ ತಾನೆ ಎಂದು ಕೇಳಿದೆ. ಗಿರಿಜ ಯೋಚಿಸಿ ಹೇಳಿದಳು: "ಅಲ್ಲಿ ದುಡ್ಡಿನ ನೆನಪೇ ಆಗ್ಲಿಲ್ಲ ಕಣ್ರೀ. ನೆನಪು ಮಾಡೋರು ಜೊತೇಲಿ ಇರ್ಲಿಲ್ವಲ್ಲ."

ಅವತ್ತು ನಾನು ಮೂರು ಮೆಟ್ಟಿಲು ಇಳಿಯುವವರೆಗೂ ಯಾಕೆ ಕರೆಯಲಿಲ್ಲ ಎಂದೂ ಕೇಳಿದೆ. "ನಾನೇನ್ ಅಂಗಡಿ ಇಟ್ಕೊಂಡಿದ್ನಾ?" ಎಂದು ಒಳಗೆ ಹೋದಳು.

ಗಂಟೆಯನ್ನು ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟಿದ್ದೇನೆ. ಅಂದಿನಿಂದ ನನ್ನ ವ್ಯಾಪಾರ ಕೆಟ್ಟಿದೆ. ಗಿರಾಕಿ ಎದ್ದರೆ ಮೂರನೇ ಮೆಟ್ಟಿಲವರೆಗೆ ಕಾಯುವ ಧೈರ್ಯವೇ ಬರುವುದಿಲ್ಲ, ಮೊದಲನೆಯದಕ್ಕೇ ಕರೆದುಬಿಡುತ್ತೇನೆ. ಇದು ಊರಿಗೆಲ್ಲ ಗೊತ್ತಾಗಿದೆ. ಮೊನ್ನೆ ಒಬ್ಬಾಕೆ ತಪ್ಪಲೆಯ ರೇಟು ಕೇಳಿ ಸುಮ್ಮನೆ ಎದ್ದು ನಿಂತರು. ಮೆಟ್ಟಿಲ ಕಡೆ ತಿರುಗಿಯೂ ಇರಲಿಲ್ಲ. "ಬನ್ನಿ ತಾಯಿ, ನಿಮ್ಮ ಮಾತೇ ಆಗಲಿ" ಎಂದುಬಿಟ್ಟೆ. ಪಾಪ, ಆಕೆ ಎದ್ದದ್ದು ಕಾಲು ಜೋಮು ಹಿಡಿದಿತ್ತು ಅಂತ. ಐವತ್ತು ರೂಪಾಯಿ ಬಿಟ್ಟುಕೊಟ್ಟು, ಮೇಲೊಂದು ಸೌಟು ಕೊಸರು ಹಾಕಿ ಕಳಿಸಿದೆ.