ಸಿಸ್ಟರ್ ಸ್ವರದಲ್ಲಿ ಒಂದು ಶಹಬ್ಬಾಸ್

ನಮ್ಮ ಶಾಲೆಯ ಮೈಕಿನಲ್ಲಿ ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಕ್ಲೆಮೆನ್ಸಿಯಾ ಅವರ ಸ್ವರದಲ್ಲೇ ಮಾತಾಡಿದ ಮೂರ್ಖ ನಾನೇ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕೊನೆಯಲ್ಲಿ ಒಪ್ಪಿಕೊಳ್ಳುವಷ್ಟು ತ್ರಾಣ ಉಳಿಯುತ್ತದೋ ಇಲ್ಲವೋ. ಈಗೀಗ ಸಂಜೆ ಕುಕ್ಕುಂದೂರಿನ ಬಾಡಿಗೆ ಕೋಣೆಗೆ ಬಂದು ಚಪ್ಪಲಿ ಬಿಚ್ಚುವುದಕ್ಕೂ ನನಗೆ ಯಾರಾದರೂ ಪ್ರೋತ್ಸಾಹ ಕೊಡಬೇಕು. ಮಕ್ಕಳನ್ನು ಬೈದು ಸುಸ್ತಾದ ಮೇಷ್ಟ್ರನ್ನು ನೀವು ನೋಡಿರಬಹುದು. ನಾನು ಹೊಗಳಿ ಸುಸ್ತಾದವನು. ಬೈಯುವುದು ಅರೆನಿದ್ದೆಯಲ್ಲೂ ನಡೆಯುತ್ತದೆ. ಕಣ್ಣು ಮುಚ್ಚಿಕೊಂಡು "ಯಾರದು ಹಿಂದೆ?" ಎಂದರೆ ಸಾಕು, ಹಿಂದೆ ಯಾರಾದರೊಬ್ಬರು ಇದ್ದೇ ಇರುತ್ತಾರೆ. ಹೊಗಳಬೇಕಾದರೆ ಮಾತ್ರ ಕಣ್ಣು ಬಿಟ್ಟು ನೋಡಬೇಕು.

ಇದೆಲ್ಲ ಶುರುವಾದದ್ದು ಸಿಸ್ಟರ್ ಮಣಿಪಾಲದಲ್ಲಿ ಏನೋ ತರಬೇತಿ ಮುಗಿಸಿ ಬಂದ ಮೇಲೆ. "ಮಕ್ಕಳನ್ನು ತಪ್ಪು ಮಾಡುವಾಗ ಹಿಡಿಯುವುದಲ್ಲ, ಒಳ್ಳೆಯದು ಮಾಡುವಾಗ ಹಿಡಿಯಬೇಕು. ಗೊತ್ತಾಯಿತಲ್ಲ?" ಎಂದು ನಮ್ಮನ್ನು ಗದರಿದರು. ದಿನಾ ಊಟದ ಬಿಡುವು ಮುಗಿದ ಕೂಡಲೇ ಒಬ್ಬರ ಒಳ್ಳೆಯ ನಡತೆಯನ್ನು ಮೈಕಿನಲ್ಲಿ ಹೇಳಬೇಕು. ಹೇಳುವವರು ಯಾರು? ಅನುಭವಸ್ಥರೆಲ್ಲ ಒಟ್ಟಿಗೆ ನೆಲ ನೋಡಿದರು. ಕನ್ನಡ ಕಲಿಸುವ, ಇನ್ನೂ ಖಾಯಂ ಆಗದ ನಾನೊಬ್ಬ ತಲೆ ಎತ್ತಿದ್ದೆ. ಆಮೇಲೆ ಮಕ್ಕಳ ಒಳ್ಳೆಯತನದ ಕಾಟ ಹೇಳಿ ಸುಖವಿಲ್ಲ. ನಾನು ಬರುವುದನ್ನು ಕಂಡು ನಲ್ಲಿ ತೆರೆದು, ಮತ್ತೆ ನನ್ನೆದುರೇ ಮುಚ್ಚಿದರು. ಕಾಲು ಉಳುಕಿದವನ ಚೀಲ ಹೊರಲು ಅವನ ಗೆಳೆಯರು ಹೊಡೆದಾಡಿ, ಚೀಲದವನ ಮೂಗಿನಲ್ಲೇ ರಕ್ತ ಬಂತು.

ಇಷ್ಟಾಗಿಯೂ ಮೈಕಿನಲ್ಲಿ ನಾನು ಹೇಳಿದ್ದನ್ನು ಯಾರೂ ಕೇಳುತ್ತಿರಲಿಲ್ಲ. ನನಗೆ ಎಲ್ಲರ ಸ್ವರವೂ ಬರುತ್ತದೆ: ಬಜಗೋಳಿ ಬಸ್ಸಿನ ಕಂಡಕ್ಟರನದು, ಚರ್ಚಿನ ಪ್ರಸಂಗದ ನಡುವೆ ತಾವೇ ಆಕಳಿಸುವ ಫಾದರ್ ಅವರದು, ಸೀಟಿ ಬಾಯಲ್ಲಿಟ್ಟುಕೊಂಡೇ ಬೈಯುವ ಪಿ.ಟಿ. ಮೇಷ್ಟ್ರು ಶೆಟ್ಟರದು. ಬಾರದ್ದು ನನ್ನದೊಂದೇ. ಮೈಕಿನಲ್ಲಿ ನನ್ನ ಸ್ವರ ಬಸ್ ಸ್ಟ್ಯಾಂಡಿನಲ್ಲಿ ಪರ್ಸ್ ಕಳೆದುಹೋದ ಪ್ರಕಟಣೆಯ ಹಾಗೆ. ಕಳಕೊಂಡವನ ಹೊರತು ಯಾರೂ ಕಿವಿಗೊಡುವುದಿಲ್ಲ. "ನಿನ್ನ ಸ್ವರಕ್ಕೆ ಕಾಗೆಯೂ ಹಾರುವುದಿಲ್ಲ ಮಾರಾಯ," ಎಂದು ಶೆಟ್ಟರು ಅನುಕಂಪದಿಂದಲೇ ಹೇಳಿದರು.

ಹೀಗಿರುವಾಗ ಥ್ರೋಬಾಲ್ ಫೈನಲ್ ಬಂತು. ಒಂಬತ್ತನೆಯವರು ಇನ್ನೇನು ಗೆದ್ದರು ಎನ್ನುವಾಗ ಅವರ ತಂಡದ ರೇಣುಕಾ ಕೈಯೆತ್ತಿ, "ಸರ್, ಆ ಬಾಲ್ ಹೊರಗ ಬೀಳೂಕಿಂತ ಮೊದ್ಲ ನನ್ನ ಕೈಗೆ ತಾಗೇತ್ರಿ," ಎಂದಳು. ಅಂಪೈರ್ ಶೆಟ್ಟರು ಅದನ್ನು ಕಂಡೇ ಇರಲಿಲ್ಲ. ಪಾಯಿಂಟು ಹೋಯಿತು, ಕಪ್ಪೂ ಹೋಯಿತು. ರೇಣುಕಾ ಅಂದರೆ ಗದಗದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮನೆಯ ಹುಡುಗಿ. ಜಗಳಗಂಟಿ ಎಂದು ಹೆಸರಾದವಳು. ಮರುದಿನ ಊಟಕ್ಕೆ ಅವಳ ಪಕ್ಕ ಯಾರೂ ಕೂರಲಿಲ್ಲ. ಒಬ್ಬಳೇ ಗೋಡೆ ನೋಡಿಕೊಂಡು ಬುತ್ತಿ ತಿನ್ನುತ್ತಿದ್ದಳು. ಅಷ್ಟು ದಿನದಲ್ಲಿ ಸಿಕ್ಕಿದ ಒಂದೇ ಒಂದು ನಿಜವಾದ ಒಳ್ಳೆಯತನ, ಅದನ್ನು ಈ ಪರ್ಸ್ ಕಳೆದ ಸ್ವರದಲ್ಲಿ ಹೇಳುವುದು ಹೇಗೆ? ಸಿಸ್ಟರ್ ಕಾಪುವಿನ ಕಾನ್ವೆಂಟಿಗೆ ಯಾವುದೋ ಜುಬಿಲಿಗೆ ಹೋಗಿದ್ದರು. ನಾನು ಮೈಕ್ ಹಾಕಿ, ಅವರದೇ ಒಣ ಕೆಮ್ಮು ಕೆಮ್ಮಿ, "ಚಿಲ್ಡ್ರನ್," ಎಂದೆ.

ಇಡೀ ಶಾಲೆ ಗಪ್‌ಚುಪ್. "ನಮ್ಮ ಶಾಲೆ ಇದುವರೆಗೆ ಗೆದ್ದ ಎಲ್ಲ ಕಪ್ಪಿಗಿಂತ ರೇಣುಕಾ ಸೋತದ್ದು ದೊಡ್ಡದು. ಅವಳೊಟ್ಟಿಗೆ ಕೂರಲಿಕ್ಕೆ ನಿಮಗೆಂತ ನಾಚಿಕೆ?" ಎಂದೆ. ಸಂಜೆ ಶಾಲೆ ಬಿಡುವಾಗ ನೋಡಿದರೆ ಇಬ್ಬರು ಹುಡುಗಿಯರು ಅವಳ ಎರಡು ಜಡೆ ಹಿಡಿದು ಗೇಟಿನ ಕಡೆ ಎಳೆದುಕೊಂಡು ಹೋಗುತ್ತಿದ್ದರು. ಮೂವರೂ ನಗುತ್ತಿದ್ದರು. ನಾನು ಎಂದೂ ಇಲ್ಲದವನು ಕ್ಯಾಂಟೀನಿನಲ್ಲಿ ಗೋಳಿಬಜೆ ತಿಂದೆ.

ತಿಂದದ್ದು ಅರಗುವ ಮೊದಲೇ, ಮರುದಿನ ಬೆಳಿಗ್ಗೆ, ಕಾಪುವಿನಿಂದ ಮರಳಿದ ಸಿಸ್ಟರ್ ಆಫೀಸಿಗೆ ಕರೆಸಿದರು. ರೇಣುಕಾಳ ತಾಯಿ ಕೆಲಸದ ಸೀರೆಯಲ್ಲೇ ಬಂದು, ಮಗಳ ಪಕ್ಕ ನಿಂತಿದ್ದರು. ಮೇಜಿನ ಮೇಲೆ ಬಟ್ಟೆಯಲ್ಲಿ ಕಟ್ಟಿದ ಕಡಕ್ ರೊಟ್ಟಿ. "ಇಷ್ಟ್ ದಿವ್ಸ ಬೈಸ್ಕೊಳ್ಳಾಕ ಅಷ್ಟ ಸಾಲಿಗೆ ಬರ್ತಿದ್ನ್ರೀ ಸಿಸ್ಟರ್," ಎಂದು ಕಣ್ಣೊರಸಿಕೊಂಡರು. "ನಿಮ್ಮ ಬಾಯಾಗ ನನ್ನ ಮಗಳ ಹೆಸರು ಬಂತಂತ. ಮೈಕಿನಾಗ, ನಿನ್ನಿ ಮಧ್ಯಾಹ್ನ. ಖರೇ ಏನ್ರಿ?"

ಸಿಸ್ಟರ್ ನನ್ನನ್ನು ನೋಡಿದರು. ಆ ಮಧ್ಯಾಹ್ನ ತಾವು ಕಾಪುವಿನಲ್ಲಿ ಕೇಕ್ ತಿನ್ನುತ್ತಿದ್ದದ್ದು ಅವರಿಗೆ ಗೊತ್ತು. ಶಾಲೆಯಲ್ಲಿ ಇಂಥ ಕೆಲಸಕ್ಕೆ ಒಂದೇ ಗಂಟಲು ಉಂಟೆಂಬುದೂ ಗೊತ್ತು. "ಇಲ್ಲ" ಎಂದರೆ ನನ್ನ ಕೆಲಸ ಹೋಗುತ್ತಿತ್ತು, ಅದು ಹೋಗಲಿ. ಆ ತಾಯಿಯ ಮುಖ ಏನಾಗುತ್ತಿತ್ತು? ಸಿಸ್ಟರ್ ಗೋಡೆಯ ಶಿಲುಬೆಯ ಕಡೆ ಒಮ್ಮೆ ನೋಡಿದರು, ಮೊದಲೇ ಅಪ್ಪಣೆ ಕೇಳಿಕೊಳ್ಳುವವರ ಹಾಗೆ. "ಹೌದಮ್ಮ, ಹೇಳಿದ್ದು ಉಂಟು. ಈಗ ಇನ್ನೊಮ್ಮೆ ಹೇಳ್ತೇನೆ. ನಿಮ್ಮ ಮಗಳು ಒಳ್ಳೆ ಹುಡುಗಿ." ಈ ಸಲ ಕೆಮ್ಮಲಿಲ್ಲ. ರೇಣುಕಾ ಮೊದಲು ಸಿಸ್ಟರನ್ನು, ಆಮೇಲೆ ನನ್ನನ್ನು ನೋಡಿ ತುಟಿ ಕಚ್ಚಿಕೊಂಡಳು.

ಅವರಿಬ್ಬರೂ ಹೋದ ಮೇಲೆ ಬಾಗಿಲು ಮುಚ್ಚಿತು. ಕ್ಷಮೆಗೆ ನಾನು ದೊಡ್ಡದೊಂದು ಭಾಷಣವನ್ನೇ ಕಟ್ಟಿಕೊಂಡಿದ್ದೆ. ಆದರೆ ಹೆದರಿದಾಗ ನನ್ನ ಗಂಟಲು ಎದುರಿಗಿದ್ದವರ ಸ್ವರವನ್ನೇ ಹಿಡಿಯುತ್ತದೆ, ಬಾಯಿಬಿಟ್ಟರೆ ಒಣ ಕೆಮ್ಮಿನ ಸಮೇತ ಬಂದದ್ದು ಅವರದೇ ಸ್ವರ: "ಸಾರಿ."

ಸಿಸ್ಟರ್ ರೊಟ್ಟಿಯ ಗಂಟನ್ನು ತಮ್ಮ ಕಡೆ ಎಳೆದುಕೊಂಡರು.

"ಅದೊಂದನ್ನು ನಿಮ್ಮ ಸ್ವರದಲ್ಲೇ ಹೇಳಿ ಸರ್. ನನ್ನ ಸ್ವರ ಇದುವರೆಗೆ ಯಾರಿಗೂ ಸಾರಿ ಹೇಳಿದ್ದಿಲ್ಲ."