ಕ್ಷುದ್ರಗ್ರಹದ ಕಾನೂನು ಮತ್ತು ಮೊಮ್ಮಗಳ ಹೆಸರು

೧೯೯೮ನೇ ಇಸವಿ ಜೂನ್ ಒಂದು, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ. ಸ್ಥಳ ಹುಣಸೂರಿನ ನಮ್ಮ ಮನೆಯ ನಡುಮನೆ. ಹಾಜರಿದ್ದವರು ನಾನು, ಹೊಗೆಸೊಪ್ಪಿನ ನಾಟಿ ಬಿಟ್ಟು ಬಂದಿದ್ದ ಮಗ ಮಹೇಶ, ಸೊಸೆ ಸವಿತಾ, ಪಿರಿಯಾಪಟ್ಟಣದ ಕಡೆಯ ಹಳ್ಳಿಯಿಂದ ಬಂದಿದ್ದ ಅವಳ ತಾಯಿ ಕೆಂಪಮ್ಮ, ಮತ್ತು ತೊಟ್ಟಿಲಲ್ಲಿ ಮೂರು ತಿಂಗಳ ಹೆಣ್ಣುಕೂಸು. ವಿಷಯ, ಕೂಸಿಗೆ ಹೆಸರು. ಮನೆಮಾತನ್ನು ಯಾರಾದರೂ ಹೀಗೆ ಬರೆದಿಡುತ್ತಾರೆಯೇ ಎಂದು ನೀವು ಕೇಳಬಹುದು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು, ಗಂಟೆ ಹೊಡೆದಾಗ ಎದ್ದು ಗಂಟೆ ಹೊಡೆದಾಗ ಕೂತು ಸವೆದವಳು ನಾನು. ನಿವೃತ್ತಿಯಾದ ಮೇಲೂ ಗಡಿಯಾರ ನೋಡದೆ ಸಾರಿಗೆ ಒಗ್ಗರಣೆ ಹಾಕಿದವಳಲ್ಲ.

ಒಂದು ವಿಷಯ ಮಾತ್ರ ನಾನು ಬರೆದಿಡಲಿಲ್ಲ. ಮೊದಲ ಹೆಣ್ಣುಮಗುವಿಗೆ ತಂದೆಯ ತಾಯಿಯ ಹೆಸರಿಡುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಅಂದರೆ ಜವರಮ್ಮ, ಅಂದರೆ ನಾನು. ಆಸೆಯಿತ್ತು. ಆದರೆ ಬಾಯಿಬಿಟ್ಟು ಕೇಳಲು ಸಂಕೋಚ. ನಿಯಮಬದ್ಧವಾಗಿ ಸಭೆ ನಡೆಸಿದರೆ ನನ್ನ ಹೆಸರು ಬೇರೆಯವರ ಬಾಯಿಂದ ತಾನಾಗಿ ಬರುತ್ತದೆ, ನಾನು ಬೇಡ ಬೇಡ ಎನ್ನುತ್ತ ಒಪ್ಪಿಕೊಳ್ಳಬಹುದು ಎಂದು ಲೆಕ್ಕ ಹಾಕಿದ್ದೆ.

ನಿಯಮ ಎಲ್ಲಿಂದ ತರುವುದು? ಆಗತಾನೆ ಲೈಬ್ರರಿಯಲ್ಲಿ ಕ್ಷುದ್ರಗ್ರಹಗಳ ಬಗ್ಗೆ ಒಂದು ಲೇಖನ ಓದಿ ಟಿಪ್ಪಣಿ ಮಾಡಿಕೊಂಡಿದ್ದೆ. ಮಂಗಳನಿಗೂ ಗುರುವಿಗೂ ನಡುವೆ ಸುತ್ತುವ ಆ ಬಂಡೆಗಳಿಗೆ ಹೆಸರಿಡುವ ಶಿಸ್ತು ಕಂಡು ನನ್ನ ಹೊಟ್ಟೆ ತಂಪಾಗಿತ್ತು. ಮೊದಮೊದಲು ಸಿಕ್ಕವಕ್ಕೆ ದೇವತೆಗಳ ಹೆಸರು. ಸೆರೆಸ್ ಎಂದರೆ ರೋಮನ್ನರ ಧಾನ್ಯಲಕ್ಷ್ಮಿ, ವೆಸ್ಟಾ ಒಲೆಯ ಬೆಂಕಿ ಕಾಯುವವಳು. ಬಂಡೆಗಳು ಸಿಗುತ್ತಲೇ ಹೋದವು, ದೇವತೆಗಳು ಮುಗಿದುಹೋದರು. ಆಮೇಲೆ ಕಂಡುಹಿಡಿದವರ ಹೆಂಡತಿ, ಮಗಳು, ಹುಟ್ಟಿದ ಊರು, ಕೊನೆಗೆ ಸಾಕಿದ ಬೆಕ್ಕಿನ ಹೆಸರೂ ಆಕಾಶ ಸೇರಿತು. ಆಗ ಖಗೋಳ ವಿಜ್ಞಾನಿಗಳ ಸಮಿತಿ ನಿಯಮ ಬಿಗಿ ಮಾಡಿತು. ಮೊದಲು ತಾತ್ಕಾಲಿಕ ಗುರುತು, ಸುತ್ತುವ ದಾರಿ ಖಚಿತವಾದ ಮೇಲೆ ಒಂದು ನಂಬರು, ಆಮೇಲೆ ಹೆಸರು. ಕರೆಯಲು ಸುಲಭವಿರಬೇಕು. ಹೆಸರು ಸೂಚಿಸುವ ಹಕ್ಕು ಕಂಡುಹಿಡಿದವರದು, ಆದರೆ ಅವರು ತಮ್ಮ ಹೆಸರನ್ನೇ ಇಟ್ಟುಕೊಳ್ಳುವಂತಿಲ್ಲ. ಇಷ್ಟನ್ನೂ ಸಭೆಗೆ ನಿಧಾನವಾಗಿ ಓದಿ ಹೇಳಿದೆ.

ಕೆಂಪಮ್ಮ ಎಲೆಅಡಿಕೆ ಮಡಿಚಿ ಬಾಯಿಗಿಟ್ಟರು. "ಮಗೀಗೆ ಎಸ್ರಿಡಕ್ಕೆ ಬಂಡೆ ಕತೆ ಏಳ್ತಾವ್ರಲ್ಲ ಟೀಚ್ರಮ್ಮ. ಮೂರು ತಿಂಗ್ಳು ಆಯ್ತು, ಇನ್ನೂ ಕೂಸು ಕೂಸು ಅಂತಾನೇ ಕೂಗ್ತಾ ಇವ್ನಿ."

ಮಹೇಶ ವಾಚು ನೋಡಿಕೊಂಡ. "ಇದರಲ್ಲಿ ಚರ್ಚೆ ಏನಮ್ಮ? ಪದ್ಧತಿ ಇದ್ದಂಗೆ ನಿನ್ನ ಹೆಸರೇ ಇಡೋಣ. ಆಳುಗಳು ಕಾಯ್ತಾ ಅವ್ರೆ."

ನನಗೆ ಒಳಗೊಳಗೇ ಹಿಗ್ಗು. "ಉಳಿದವರೂ ಮಾತಾಡಲಿ," ಎಂದೆ. ಅಲ್ಲಿಗೇ ಸಭೆ ಮುಗಿಸಬೇಕಿತ್ತು.

"ಈಗ್ತಾನೆ ಓದಿದ್ರಲ್ಲ, ತಮ್ಮ ಎಸ್ರು ತಾವೇ ಇಟ್ಕಬಾರ್ದು ಅಂತ?" ಎಂದರು ಕೆಂಪಮ್ಮ.

"ಅದು ಕಂಡುಹಿಡಿದವರಿಗೆ ಕಣ್ರೀ. ಈ ಕೂಸನ್ನ ನಾನೇನು ಕಂಡುಹಿಡಿದೆನೇ? ಹೆತ್ತವಳು ಸವಿತಾ," ಎಂದೆ. ಕ್ಲಾಸಿನಲ್ಲಿ ಯಾರೂ ನನ್ನ ವಾದ ಮುರಿದವರಿಲ್ಲ.

"ಅಂಗಾರೆ ಎಸ್ರಿಡೋ ಅಕ್ಕು ಸವಿತಂದೇ ಆಯ್ತು ಬುಡಿ."

ಅದುವರೆಗೆ ತೊಟ್ಟಿಲು ತೂಗುತ್ತಿದ್ದ ಸವಿತಾ ಕೈ ನಿಲ್ಲಿಸಿದಳು. "ಅತ್ತೆ, ತಪ್ಪು ತಿಳ್ಕೋಬೇಡಿ. ನಿಮ್ಮ ಹೆಸರಿಟ್ರೆ ನಾನು ಬಾಯ್ತುಂಬ ಕರೆಯೋಕಾಗಲ್ಲ. ಅತ್ತೆ ಹೆಸರಲ್ವಾ? ಹೆತ್ತ ಮಗೂನ ಜನ್ಮವೆಲ್ಲ ಪಾಪು, ಪುಟ್ಟಿ ಅಂತಾನೇ ಕರೀಬೇಕಾಗುತ್ತೆ."

ಆ ಕಷ್ಟ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನನ್ನ ದೊಡ್ಡ ಮಗಳಿಗೆ ಇಟ್ಟಿದ್ದು ನನ್ನತ್ತೆಯ ಹೆಸರು. ಆ ಹೆಸರನ್ನು ಇಲ್ಲಿ ಬರೆಯಲು ಈಗಲೂ ಕೈ ಏಳುತ್ತಿಲ್ಲ. ಮನೆಯಲ್ಲಿ ಪಾಪಮ್ಮ ಎಂದು ಕರೆದು ಹೇಗೋ ನಿಭಾಯಿಸಿದೆ. ಅವಳು ಒಂಬತ್ತನೇ ತರಗತಿಗೆ ನನ್ನ ಕ್ಲಾಸಿಗೇ ಬಂದು ಕೂತಳು. ಹಾಜರಿ ಕೂಗುವಾಗ ಎಲ್ಲರಿಗೂ ಹೆಸರು, ಅವಳೊಬ್ಬಳಿಗೆ "ರೋಲ್ ನಂಬರ್ ಹದಿನೇಳು". ವರ್ಷವಿಡೀ ಹಾಗೇ ನಡೆಯಿತು. ಒಂದು ದಿನ ಮನೆಗೆ ಬಂದವಳು ಕಣ್ಣಲ್ಲಿ ನೀರು ತುಂಬಿಕೊಂಡು, "ನನಗೆ ಮಾತ್ರ ಯಾಕಮ್ಮ ನಂಬರು?" ಎಂದು ಕೇಳಿದಳು. ಕೋಸಂಬರಿಗೆ ಸೌತೆಕಾಯಿ ಹೆಚ್ಚುವ ಹೊತ್ತಾಯಿತು ಎಂದು ಹೇಳಿ ಅಡುಗೆಮನೆಗೆ ಹೋಗಿದ್ದೆ.

"ನೀನೇನು ಯೋಚನೆ ಮಾಡಿದ್ದೀಯ?" ಎಂದು ಸವಿತಾಳನ್ನು ಕೇಳಿದೆ.

"ಸಿಂಧು ಅಂತ. ಹಿತ್ತಲಲ್ಲಿ ನಿಂತು ಕೂಗಿದ್ರೂ ಬೀದಿಗೆ ಕೇಳ್ಸುತ್ತೆ."

"ಬೈಯೋಕೂ ಸಲೀಸು ಕಣಪ್ಪ ಮಹೇಶ," ಎಂದು ಕೆಂಪಮ್ಮ ಅಳಿಯನತ್ತ ನಕ್ಕರು. ಹತ್ತೂ ನಲವತ್ತಕ್ಕೆ ಸಿಂಧು ಸರ್ವಾನುಮತದಿಂದ ಅಂಗೀಕಾರವಾಯಿತು. ನನ್ನ ಕೈ ಉಳಿದವರಿಗಿಂತ ಸ್ವಲ್ಪ ತಡವಾಗಿ ಮೇಲೆದ್ದಿತು, ಅಷ್ಟೇ.

ಊಟ ಮುಗಿಸಿ, ಮಗ ಸೊಸೆ ಸಹಿ ಹಾಕಿದ ಅರ್ಜಿ ಹಿಡಿದು ಮೂರು ಗಂಟೆಗೆ ಪುರಸಭೆಗೆ ಹೋದೆ. ಗುಮಾಸ್ತರು ಅರ್ಜಿ ನೋಡಿ, "ಚೆನ್ನಾಗಿದೆ ಹೆಸರು. ಮೊದಲನೇ ಮೊಮ್ಮಗಳಲ್ವಾ, ನಿಮ್ಮ ಹೆಸರಿಡಲಿಲ್ಲವೇ ಮೇಡಂ?" ಎಂದರು.

"ನಾನೇ ಬೇಡ ಅಂದೆ," ಎಂದೆ. ಅವರು ತಲೆದೂಗಿ, ಬಂದ ಅರ್ಜಿ ದಾಖಲಿಸುವ ಆವಕ ಪುಸ್ತಕ ನನ್ನ ಕಡೆ ತಿರುಗಿಸಿ, ಅರ್ಜಿ ತಂದವರ ಹೆಸರು ಎಂಬ ಅಂಕಣ ತೋರಿಸಿದರು. ಜವರಮ್ಮ ಎಂದು ಬರೆದೆ. ನೋಡಿದರೆ ನಾಲ್ಕು ಅಕ್ಷರಗಳು ಪಕ್ಕದ ಎರಡು ಅಂಕಣಗಳನ್ನೂ ನುಂಗಿ ಕೂತಿದ್ದವು. ಗುಮಾಸ್ತರು ತಾರೀಖನ್ನು ಕೆಳಗಿನ ಸಾಲಿಗೆ ಹಾಕಿಕೊಂಡು, ರಸೀದಿಗೆ ಮೊಹರು ಒತ್ತಿ ಕೊಟ್ಟರು. ಆಗ ಮೂರೂ ಇಪ್ಪತ್ತು.